ಪೆಟ್ಟು ತಿಂದ ಅಳತೆಯ ಸಾಧನಗಳ ದುರಸ್ತಿ

ರಿಸೀವರ್ ಕೆಟ್ಟರೆ ನಮಗೆ ಕೇಳಿಸುವುದಿಲ್ಲ, ಟ್ರಾನ್ಸ್‌ಮಿಟರ್ ಕೆಟ್ಟರೆ ಎದುರಿನವರಿಗೆ ಕೇಳಿಸುವುದಿಲ್ಲ. ಎರಡರಲ್ಲೂ ಕೆಟ್ಟದ್ದು ಕೆಟ್ಟಂತೆಯೇ ತೋರುತ್ತದೆ. ಅಳತೆಯ ಸಾಧನದ ವಿಷಯ ಹಾಗಲ್ಲ. ಒಳಗೆ ಒಂದು ಡಯೋಡ್ ಸುಟ್ಟಿದ್ದರೂ, ಒಂದು ರೆಸಿಸ್ಟರ್ ತನ್ನ ಬೆಲೆ ಬಿಟ್ಟು ಸರಿದಿದ್ದರೂ ಅದರ ಪರದೆ ಬೆಳಗುತ್ತದೆ, ಮುಳ್ಳು ಏಳುತ್ತದೆ, ಯಾವುದೋ ಒಂದು ಸಂಖ್ಯೆ ಕಾಣಿಸುತ್ತದೆ, ಮತ್ತು ನಾವು ಆ ಸಂಖ್ಯೆಯನ್ನು ನಂಬಿ ಆಂಟೆನಾ ತಂತಿಯನ್ನು ಕತ್ತರಿಸುತ್ತೇವೆ. ಆದ್ದರಿಂದ ಹವ್ಯಾಸಿ ರೇಡಿಯೋದ ಅಳತೆಯ ಸಾಧನಗಳನ್ನು ದುರಸ್ತಿ ಮಾಡುವಾಗ ನನ್ನ ನಿಲುವು ಒಂದೇ: ಸಾಧನ ಮತ್ತೆ ಚಾಲೂ ಆಯಿತೆಂದರೆ ಕೆಲಸ ಅರ್ಧ ಮುಗಿದಂತೆ, ಅದು ಹೇಳುವ ಸಂಖ್ಯೆಯನ್ನು ಅದರ ಹೊರಗಿನ ಯಾವುದಾದರೂ ಆಧಾರದಿಂದ ಪರೀಕ್ಷಿಸುವ ತನಕ ಉಳಿದರ್ಧ ಬಾಕಿಯೇ.

ಇದನ್ನು ವಿವರಿಸಲು ಇತ್ತೀಚೆಗೆ ನನ್ನ ಮೇಜಿಗೆ ಬಂದ ಒಂದು ನ್ಯಾನೋವಿಎನ್‌ಎಯ (ಸಂಕೇತವೊಂದನ್ನು ಕಳಿಸಿ ಎಷ್ಟು ಹಿಂದಿರುಗುತ್ತದೆ, ಎಷ್ಟು ದಾಟಿಹೋಗುತ್ತದೆ ಎಂದು ಅಳೆಯುವ, ವಿಎನ್‌ಎ ಎಂಬ ಬಗೆಯ ಪುಟ್ಟ ಸಾಧನ) ಪ್ರಕರಣ ಅನುಕೂಲವಾಗಿದೆ. ಶಿವಮೊಗ್ಗದ ಕಡೆಯ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರೊಬ್ಬರು ಹೊರಾಂಗಣ ಶಿಬಿರವೊಂದರಲ್ಲಿ ಒಂದೇ ಬಣ್ಣದ ಎರಡು ಕೇಬಲ್‌ಗಳ ನಡುವೆ ಗೊಂದಲವಾಗಿ, ಡಮ್ಮಿ ಲೋಡ್‌ಗೆ (ಆಂಟೆನಾದ ಬದಲು ಶಕ್ತಿಯನ್ನು ಶಾಖವಾಗಿಸುವ ರೆಸಿಸ್ಟರ್‌ಗೆ) ಹೋಗಬೇಕಾಗಿದ್ದ 5 ವಾಟ್ ಹ್ಯಾಂಡಿಯ (ಕೈಯಲ್ಲಿ ಹಿಡಿಯುವ ರೇಡಿಯೋದ) ಶಕ್ತಿಯನ್ನು ಸಾಧನದ ಮೊದಲನೆಯ ಪೋರ್ಟಿಗೆ ಬಿಟ್ಟಿದ್ದರು. ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದ್ದು ಕ್ಷಣಮಾತ್ರವಂತೆ. ಆದರೆ ಇಂತಹ ಸಾಧನಕ್ಕೆ ಆ ಕ್ಷಣವೇ ಧಾರಾಳವಾಯಿತು. 5 ವಾಟ್ ಎಂದರೆ 37 ಡಿಬಿಎಂ (ಒಂದು ಮಿಲಿವಾಟ್‌ಗೆ ಹೋಲಿಸಿದ ಡೆಸಿಬಲ್ ಲೆಕ್ಕ). 50 ಓಮ್‌ಗಳಲ್ಲಿ ಅದು ಸುಮಾರು 22 ವೋಲ್ಟ್ ಶಿಖರ ವೋಲ್ಟೇಜ್. ಒಳಗಿರುವ ಚಿಪ್ ರೆಸಿಸ್ಟರ್‌ಗಳು 0603 ಅಳತೆಯವಾದರೆ ಒಂದು ವಾಟಿನ ಹತ್ತನೇ ಒಂದು ಭಾಗ, 0402 ಅಳತೆಯವಾದರೆ ಹದಿನಾರನೇ ಒಂದು ಭಾಗ ತಾಳುವಂಥವು. ಅಲ್ಲಿ ಫ್ಯೂಸ್ ಹಾಕಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಫ್ಯೂಸಿನ ತಂತಿ ಬಿಸಿಯಾಗುವ ಮೊದಲೇ ಸಿಲಿಕಾನ್ ಸತ್ತಿರುತ್ತದೆ.

ದುರಸ್ತಿಗೆ ಮೊದಲು ಸಾಧನದ ಒಳಗಿನ ದಾರಿಗಳನ್ನು ತಿಳಿದಿರಬೇಕು. ಎಡಿ555 ಎಂಬ ಹೆಸರಿನಲ್ಲಿ ಗುರುತಿಸಿಕೊಳ್ಳುವ ಜಪಾನಿನ ಹವ್ಯಾಸಿಯೊಬ್ಬರು ರೂಪಿಸಿದ ಈ ಸಾಧನದ ನಕ್ಷೆ ಬಹಿರಂಗವಾಗಿರುವುದು ನಮ್ಮಂಥವರ ಪುಣ್ಯ. ಎಸ್ಐ5351 ಎಂಬ ಒಂದೇ ಚಿಪ್ ಪರೀಕ್ಷಾ ಸಂಕೇತವನ್ನೂ ಮಿಕ್ಸರ್‌ಗಳಿಗೆ (ಎರಡು ಸಂಕೇತಗಳನ್ನು ಬೆರೆಸಿ ಅವುಗಳ ವ್ಯತ್ಯಾಸದ ಆವರ್ತನ ಕೊಡುವ ಚಿಪ್‌ಗಳಿಗೆ) ಬೇಕಾದ ಸ್ಥಳೀಯ ಆಂದೋಲಕದ ಸಂಕೇತವನ್ನೂ ಉತ್ಪಾದಿಸುತ್ತದೆ. ಎಸ್ಎ612 ಮಿಕ್ಸರ್‌ಗಳು ಮೂರಿವೆ: ಒಂದು ಮೂಲ ಸಂಕೇತವನ್ನು ನೋಡುತ್ತದೆ, ಇನ್ನೊಂದು ರೆಸಿಸ್ಟರ್ ಬ್ರಿಡ್ಜ್‌ನಿಂದ ಹಿಂದಿರುಗುವ ಪ್ರತಿಫಲನವನ್ನು, ಮತ್ತೊಂದು ಎರಡನೆಯ ಪೋರ್ಟಿಗೆ ಬಂದದ್ದನ್ನು. ಮೂರರಿಂದಲೂ ಹೊರಡುವ ಕೆಲವೇ ಕಿಲೋಹರ್ಟ್ಜ್‌ಗಳ ಸಂಕೇತ ಒಂದು ಆಡಿಯೋ ಕೋಡೆಕ್ ಚಿಪ್‌ಗೆ ಹೋಗಿ ಅಂಕೆಗಳಾಗುತ್ತದೆ. ಅಂದರೆ ಒಂದು ಮೂಲ, ಮೂರು ಕಿವಿಗಳು. ಈ ಏರ್ಪಾಡು ತಲೆಯಲ್ಲಿದ್ದರೆ ದೋಷ ಎಲ್ಲಿರಬಹುದೆಂಬುದನ್ನು ಸ್ಕ್ರೂ ಬಿಚ್ಚುವ ಮೊದಲೇ ಬಹುಮಟ್ಟಿಗೆ ನಿರ್ಧರಿಸಬಹುದು.

ಎರಡು ಪೋರ್ಟ್‌ಗಳನ್ನು ಒಂದು ಕೇಬಲ್ಲಿನಿಂದ ಜೋಡಿಸಿದಾಗ ಎಸ್21 (ಮೊದಲನೆಯ ಪೋರ್ಟಿನಿಂದ ಎರಡನೆಯದಕ್ಕೆ ದಾಟಿದ ಸಂಕೇತದ) ಗೆರೆ ಬಹುತೇಕ ಸಮತಟ್ಟಾಗಿ ಬಂದಿತು. ಮಟ್ಟ ಮಾತ್ರ ಇರಬೇಕಾದ್ದಕ್ಕಿಂತ ತುಸು ಕೆಳಗಿತ್ತು. ಇದರಿಂದ ಸಂಕೇತದ ಮೂಲ, ಮೂಲವನ್ನು ನೋಡುವ ಮಿಕ್ಸರ್, ಎರಡನೆಯ ಪೋರ್ಟಿನ ಮಿಕ್ಸರ್, ಕೋಡೆಕ್ ಎಲ್ಲವೂ ಬದುಕಿವೆ ಎಂದು ಗೊತ್ತಾಯಿತು. ಎಸ್11ನಲ್ಲಿ (ಮೊದಲನೆಯ ಪೋರ್ಟಿಗೆ ಹಿಂದಿರುಗಿದ ಪ್ರತಿಫಲನದಲ್ಲಿ) ಮಾತ್ರ ಪೋರ್ಟ್ ತೆರೆದಿಟ್ಟರೂ, ಶಾರ್ಟ್ ಮಾಡಿದರೂ, 50 ಓಮ್ ಲೋಡ್ ಹಾಕಿದರೂ ಒಂದೇ ಬಗೆಯ ಗದ್ದಲದ ಗೆರೆ. ಹಾಗಾದರೆ ಪೆಟ್ಟು ಬಿದ್ದಿರುವುದು ಬ್ರಿಡ್ಜ್‌ಗೆ, ಅಥವಾ ಪ್ರತಿಫಲನದ ಮಿಕ್ಸರ್‌ಗೆ, ಅಥವಾ ಎರಡಕ್ಕೂ. ಈ ಪರೀಕ್ಷೆಯನ್ನು ಮಾಡುವ ಮೊದಲು ಕ್ಯಾಲಿಬ್ರೇಶನ್ ಮೆನುವಿಗೆ ಹೋಗಿ ಹಳೆಯದನ್ನೆಲ್ಲ ರೀಸೆಟ್ ಮಾಡಬೇಕು. ಹಳೆಯ ತಿದ್ದುಪಡಿ ಒಳಗೆ ಉಳಿದಿದ್ದರೆ ನಾವು ನೋಡುವುದು ಸಾಧನ ಕಂಡದ್ದನ್ನಲ್ಲ, ಆರೋಗ್ಯವಾಗಿದ್ದ ಕಾಲದ ಲೆಕ್ಕದಿಂದ ತಿದ್ದಿ ತೋರಿಸಿದ್ದನ್ನು.

ಮುಚ್ಚಳ ತೆಗೆದ ಮೇಲೆ ಕಣ್ಣಿಗೆ ಸುಟ್ಟ ಗುರುತೇನೂ ಕಾಣಲಿಲ್ಲ, ಭೂತಗನ್ನಡಿಯಲ್ಲಿಯೂ ಕಾಣಲಿಲ್ಲ. ಇಲ್ಲಿ ಒಂದು ಅನುಕೂಲವುಂಟು. ಒಂದೇ ಬಗೆಯ ಮೂರು ಮಿಕ್ಸರ್‌ಗಳು ಒಂದೇ ಹಲಗೆಯ ಮೇಲೆ ಒಂದೇ ವಿದ್ಯುತ್ತಿನಿಂದ ನಡೆಯುತ್ತಿರುವಾಗ, ಡೇಟಾಶೀಟ್ ಹುಡುಕುವುದಕ್ಕಿಂತ ಆರೋಗ್ಯವಾಗಿರುವ ಎರಡನ್ನು ನೋಡಿ ಮೂರನೆಯದನ್ನು ತೀರ್ಮಾನಿಸುವುದು ಮೇಲು. ಎಂಟೂ ಕಾಲುಗಳ ಡಿಸಿ ವೋಲ್ಟೇಜನ್ನು ಮೂರು ಚಿಪ್‌ಗಳಲ್ಲಿಯೂ ಅಳೆದು ಕಾಗದದ ಮೇಲೆ ಪಕ್ಕಪಕ್ಕ ಬರೆದೆ. ಎಸ್ಎ612ರ 1 ಮತ್ತು 2ನೇ ಕಾಲುಗಳು ಒಳಹರಿವಿನವು. ಚಿಪ್ ತಾನೇ ಅವನ್ನು ಸುಮಾರು 1.4 ವೋಲ್ಟ್‌ನಲ್ಲಿ ಹಿಡಿದಿಟ್ಟಿರುತ್ತದೆ ಮತ್ತು ಅವೆರಡೂ ಹೆಚ್ಚುಕಡಿಮೆ ಸಮವಾಗಿರಬೇಕು. ಎರಡು ಚಿಪ್‌ಗಳಲ್ಲಿ ಹಾಗೆಯೇ ಇತ್ತು. ಪ್ರತಿಫಲನದ ಚಿಪ್‌ನಲ್ಲಿ ಒಂದು ಕಾಲು ಸರಿಯಾಗಿದ್ದು ಇನ್ನೊಂದು ನೆಲಕ್ಕೆ ಹತ್ತಿರ ಕುಸಿದಿತ್ತು. ಒಳಗಿನ ಟ್ರಾನ್ಸಿಸ್ಟರಿನ ಜಂಕ್ಷನ್ ಹೋಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಚಿಪ್ ಬದಲಿಸುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಧಾರಾಳವಾಗಿ ಫ್ಲಕ್ಸ್, ಹಾಟ್ ಏರ್, ಸುತ್ತಲಿನ ಸಣ್ಣ ಭಾಗಗಳು ಹಾರದಂತೆ ಶಾಖ ತಡೆಯುವ ಟೇಪು, ಅವಸರವಿಲ್ಲದ ಚಿಮಟ. ಎಸ್ಎ612 ಕೊಳ್ಳುವುದರ ಬಗ್ಗೆ ಮಾತ್ರ ಒಂದು ಮಾತು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೇಳಿದ್ದೆಲ್ಲ ಸಿಗುತ್ತದೆ ಎಂಬ ಖ್ಯಾತಿ ನಿಜವೇ ಆದರೂ, ಇಂತಹ ಹಳೆಯ ಜನಪ್ರಿಯ ಚಿಪ್‌ಗಳಲ್ಲಿ ಮೇಲ್ಮೈ ಉಜ್ಜಿ ಬೇರೆ ಹೆಸರು ಅಚ್ಚೊತ್ತಿದ ಮಾಲು ಎಲ್ಲ ಊರಿನ ಮಾರುಕಟ್ಟೆಗಳಲ್ಲೂ ಓಡಾಡುತ್ತದೆ. ಆದ್ದರಿಂದ ಎರಡು ಮೂರು ಹೆಚ್ಚಿಗೆ ತಂದು, ಹಲಗೆಗೆ ಬೆಸೆಯುವ ಮೊದಲು ಪ್ರತಿಯೊಂದಕ್ಕೂ 5 ವೋಲ್ಟ್ ಕೊಟ್ಟು ಅದೇ 1.4 ವೋಲ್ಟ್ ಬರುತ್ತದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ನಕಲಿಯೆಲ್ಲ ಈ ಜಾಲರಿಯಲ್ಲಿ ಸಿಗುವುದಿಲ್ಲ, ಆದರೆ ಪೂರ್ತಿ ಬೇರೆಯದೇ ಆದ ಚಿಪ್ ಖಂಡಿತ ಸಿಕ್ಕಿಬೀಳುತ್ತದೆ.

ಹೊಸ ಚಿಪ್ ಕೂತ ಮೇಲೆ ಸಾಧನ ಎದ್ದಿತು. ಓಪನ್ ಮತ್ತು ಶಾರ್ಟ್ ಗೆರೆಗಳು ಮೇಲೆ ಬಂದು, ಅವುಗಳ ಫೇಸ್ ಪರಸ್ಪರ ಎದುರುಬದುರಾಯಿತು. ನಿಯಮದಂತೆ ಓಪನ್, ಶಾರ್ಟ್, ಲೋಡ್ ಕೊಟ್ಟು ಕ್ಯಾಲಿಬ್ರೇಟ್ ಮಾಡಿದ್ದರೆ ಎಲ್ಲವೂ ಅಚ್ಚುಕಟ್ಟಾಗಿ ಕಾಣುತ್ತಿತ್ತು, ಮತ್ತು ಅನೇಕ ದುರಸ್ತಿಗಳು ಮುಗಿಯುವುದು ಇಲ್ಲಿಯೇ. ಆದರೆ ಕ್ಯಾಲಿಬ್ರೇಶನ್ನಿನ ಗುಣವೇ ಸಾಧನದ ಒಳದೋಷಗಳನ್ನು ಗಣಿತದಿಂದ ಕಳೆದುಬಿಡುವುದು. ಅದು ಆರೋಗ್ಯವಂತ ಸಾಧನದ ಸಣ್ಣ ಓರೆಕೋರೆಗಳನ್ನು ಹೇಗೆ ತಿದ್ದುತ್ತದೆಯೋ ಹಾಗೆಯೇ ಗಾಯಗೊಂಡ ಸಾಧನದ ಗಾಯವನ್ನೂ ಮುಚ್ಚುತ್ತದೆ. ಮುಚ್ಚಿದ ಗಾಯ ಸ್ವಲ್ಪ ಶಾಖ ಹೆಚ್ಚಾದಾಗ, ಕೇಬಲ್ ಅಲುಗಿದಾಗ, ಒಳ್ಳೆಯ ಮ್ಯಾಚ್ ಅಳೆಯಲು ಹೋದಾಗ ತಲೆ ಎತ್ತುತ್ತದೆ. ಆದ್ದರಿಂದ ತಿದ್ದುಪಡಿಯಿಲ್ಲದ ಕಚ್ಚಾ ಅಳತೆಯಲ್ಲಿಯೇ 50 ಓಮ್ ಲೋಡ್ ಹಾಕಿ ನೋಡಿದೆ. ಕೆಳ ಆವರ್ತನಗಳಲ್ಲಿ ರಿಟರ್ನ್ ಲಾಸ್ (ಪ್ರತಿಫಲನ ಕಡಿಮೆಯಾದಷ್ಟೂ ಹೆಚ್ಚುವ ಸಂಖ್ಯೆ) 30 ಡಿಬಿಯ ಆಸುಪಾಸಿನಲ್ಲಾದರೂ ಇರಬೇಕೆಂಬುದು ನನ್ನ ನಿರೀಕ್ಷೆ. ಬಂದದ್ದು ಕೇವಲ 19.

ಈ 19 ತಾನೇ ಒಂದು ಸುಳಿವು. ಬ್ರಿಡ್ಜ್‌ನ ನಾಲ್ಕು ತೋಳುಗಳಲ್ಲಿ ಮೂರು ಒಳಗಿನ 50 ಓಮ್ ರೆಸಿಸ್ಟರ್‌ಗಳು, ನಾಲ್ಕನೆಯದು ನಾವು ಅಳೆಯುವ ವಸ್ತು. ಮೂರರಲ್ಲಿ ಒಂದು 50ರ ಬದಲು 62 ಓಮ್ ಆಗಿದ್ದರೆ, ಸರಿಯಾದ 50 ಓಮ್ ಲೋಡ್ ಹಾಕಿದರೂ ವ್ಯತ್ಯಾಸವಾದ 12ನ್ನು ಮೊತ್ತವಾದ 112ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 0.107ರಷ್ಟು ಸುಳ್ಳು ಪ್ರತಿಫಲನ ಕಾಣಿಸುತ್ತದೆ. ಡಿಬಿಯಲ್ಲಿ ಅದು 19ಕ್ಕೆ ಸ್ವಲ್ಪ ಮೇಲೆ. ಮಲ್ಟಿಮೀಟರ್ ಹಿಡಿದು ಬ್ರಿಡ್ಜ್‌ನ ರೆಸಿಸ್ಟರ್‌ಗಳನ್ನು ಒಂದೊಂದಾಗಿ ನೋಡಿದೆ. ಹಲಗೆಯ ಮೇಲಿರುವಾಗಲೇ ಅಳೆದರೆ ಪಕ್ಕದ ದಾರಿಗಳು ಸೇರಿಕೊಂಡು ಬೆಲೆ ಕಡಿಮೆ ತೋರುವುದು ಸಹಜ; ಆದರೆ ಗುರುತಿಸಿದ ಬೆಲೆಗಿಂತ ಹೆಚ್ಚು ತೋರಿದರೆ ಆ ರೆಸಿಸ್ಟರ್ ಕೆಟ್ಟಿದೆ ಎಂದೇ ಅರ್ಥ, ಏಕೆಂದರೆ ಸಮಾಂತರ ದಾರಿಗಳು ರೋಧವನ್ನು ಇಳಿಸಬಲ್ಲವೇ ಹೊರತು ಏರಿಸಲಾರವು. ಮೂರರಲ್ಲಿ ಎರಡು ಒಂದೇ ಬೆಲೆ ತೋರಿದವು, ಮೂರನೆಯದು ಅವಕ್ಕಿಂತ ಎದ್ದುಕಾಣುವಷ್ಟು ಮೇಲಿತ್ತು. ಅದರ ಒಂದು ತುದಿಯನ್ನು ಎತ್ತಿ ಅಳೆದಾಗ 60 ದಾಟಿತ್ತು. ಹೊರನೋಟಕ್ಕೆ ಅದು ಹೊಸದರಂತೆಯೇ ಇತ್ತು. ಚಿಪ್ ರೆಸಿಸ್ಟರ್‌ಗಳು ಮಿತಿಮೀರಿದ ಶಕ್ತಿಗೆ ಸಿಕ್ಕಾಗ ಯಾವಾಗಲೂ ಕಪ್ಪಾಗಿ ಒಡೆಯುವುದಿಲ್ಲ. ಒಳಗಿನ ತೆಳುಪದರ ಭಾಗಶಃ ಸುಟ್ಟು ಬೆಲೆ ಏರಿ ನಿಲ್ಲುವುದೂ ಉಂಟು. ಅಂದಹಾಗೆ ಅವುಗಳ ಮೇಲೆ 510 ಎಂದು ಬರೆದಿದ್ದರೆ ಅದು 510 ಓಮ್ ಅಲ್ಲ, 51 ಓಮ್. ಕೊನೆಯ ಅಂಕಿ ಸೊನ್ನೆಗಳ ಲೆಕ್ಕ. ಬದಲಿಸುವಾಗ ಒಂದನ್ನೇ ಬದಲಿಸದೆ ಮೂರನ್ನೂ ಒಂದೇ ಪಟ್ಟಿಯಿಂದ ತೆಗೆದ ಶೇಕಡಾ 1ರ ರೆಸಿಸ್ಟರ್‌ಗಳಿಂದ ಬದಲಿಸಿದೆ. ಬ್ರಿಡ್ಜ್‌ಗೆ ಬೇಕಾದದ್ದು ಸರಿಯಾದ ಬೆಲೆಗಿಂತ ಹೆಚ್ಚಾಗಿ ಪರಸ್ಪರ ಸಮಾನತೆ.

ಇದಾದ ಮೇಲೆಯೇ ಕ್ಯಾಲಿಬ್ರೇಶನ್. ಅದಕ್ಕೂ ಮೊದಲು ಕ್ಯಾಲಿಬ್ರೇಶನ್ನಿಗೆ ಬಳಸುವ ಪುಟ್ಟ 50 ಓಮ್ ಲೋಡನ್ನು ಅಳೆಯಬೇಕು. ತೂಕದ ಕಲ್ಲೇ ಸವೆದಿದ್ದರೆ ತಕ್ಕಡಿ ಎಷ್ಟು ನಯವಾಗಿ ಆಡಿದರೇನು? ಲೋಡ್ 55 ಓಮ್ ಆಗಿದ್ದರೆ ವಿಎನ್‌ಎ ಅದನ್ನೇ 50 ಎಂದು ನಂಬುತ್ತದೆ ಮತ್ತು ಅಲ್ಲಿಂದಾಚೆಗೆ ತಾನು ತಪ್ಪಿದ್ದೇನೆಂದು ತಿಳಿಯುವ ಯಾವ ದಾರಿಯೂ ಅದಕ್ಕೆ ಇರುವುದಿಲ್ಲ. ಸಾಧಾರಣ ಮಲ್ಟಿಮೀಟರ್ ಇದಕ್ಕೆ ಸಾಕು. ಕಡ್ಡಿಗಳೆರಡನ್ನೂ ಕೂಡಿಸಿ ಅವುಗಳದೇ ರೋಧ ಎಷ್ಟೆಂದು ನೋಡಿ ಅದನ್ನು ಕಳೆಯುವುದನ್ನು ಮರೆಯಬಾರದು.

ಇನ್ನು ಹೊರಗಿನ ಆಧಾರಗಳು. ಇವಕ್ಕಾಗಿ ದುಬಾರಿ ಪ್ರಮಾಣಗಳನ್ನು ಕೊಳ್ಳಬೇಕಿಲ್ಲ. 100 ಓಮಿನ ಶೇಕಡಾ 1ರ ರೆಸಿಸ್ಟರ್ ಒಂದನ್ನು ಕನೆಕ್ಟರ್ ಒಳಗೆ ಕಾಲು ಗಿಡ್ಡ ಮಾಡಿ ಬೆಸೆದರೆ ಎಸ್‌ಡಬ್ಲ್ಯೂಆರ್ (50 ಓಮ್‌ಗೆ ಎಷ್ಟು ಹೊಂದುತ್ತದೆಂಬ ಅಳತೆ, ಪೂರ್ಣ ಹೊಂದಿಕೆಗೆ 1) 2 ಬರಬೇಕು. ಅಂಥವೇ ನಾಲ್ಕನ್ನು ಸಮಾಂತರವಾಗಿ ಬೆಸೆದರೆ 25 ಓಮ್, ಅದಕ್ಕೂ 2 ಬರಬೇಕು. 150ಕ್ಕೆ 3, 200ಕ್ಕೆ 4. ಮೇಲೂ ಕೆಳಗೂ ಎರಡೂ ಕಡೆ ಪರೀಕ್ಷಿಸುವುದಕ್ಕೆ ಕಾರಣವಿದೆ: ಕೆಲವು ದೋಷಗಳು 50ರ ಮೇಲಿನ ರೋಧಗಳಲ್ಲಿ ಸರಿಯಾಗಿ ತೋರಿ ಕೆಳಗಿನವುಗಳಲ್ಲಿ ಮಾತ್ರ ಸಿಕ್ಕಿಬೀಳುತ್ತವೆ. ಎರಡನೆಯ ಆಧಾರ ಒಂದು ತುಂಡು ಕೇಬಲ್. 10 ಮೀಟರ್ ಆರ್‌ಜಿ-58 ಕೇಬಲಿನ ತುದಿಯನ್ನು ತೆರೆದಿಟ್ಟು ಅಳೆದರೆ, ಅದರ ವೇಗಾಂಶ (ಬೆಳಕಿನ ವೇಗಕ್ಕೆ ಹೋಲಿಸಿದಾಗ ಕೇಬಲಿನಲ್ಲಿ ಸಂಕೇತದ ವೇಗ) 0.66 ಎಂದು ಹಿಡಿದಾಗ, ಕಾಲು ತರಂಗಾಂತರವು 4.95 ಮೆಗಾಹರ್ಟ್ಜ್ ಹತ್ತಿರ ಬೀಳುತ್ತದೆ ಮತ್ತು ಅಲ್ಲಿ ಕೇಬಲಿನ ತೆರೆದ ತುದಿ ನಮ್ಮ ಕಡೆಗೆ ಶಾರ್ಟ್‌ನಂತೆ ಕಾಣುತ್ತದೆ. ಮತ್ತೆ ಅದರ ಮೂರರಷ್ಟಾದ 14.8ರ ಬಳಿ ಹಾಗೆಯೇ ಆಗಬೇಕು. ಸ್ಮಿತ್ ಚಾರ್ಟಿನಲ್ಲಿ (ಪ್ರತಿಫಲನವನ್ನು ತೋರುವ ವೃತ್ತಾಕಾರದ ನಕ್ಷೆಯಲ್ಲಿ) ಆವರ್ತನ ಏರಿದಂತೆ ಗೆರೆ ಹೊರ ಅಂಚಿನಿಂದ ನಿಧಾನವಾಗಿ ಒಳಸರಿಯುವ ಸುರುಳಿಯಾಗಿರಬೇಕು, ಏಕೆಂದರೆ ಕೇಬಲಿನ ನಷ್ಟ ಏರುತ್ತಾ ಹೋಗುತ್ತದೆ. ಸುರುಳಿ ಒಂದು ಪಕ್ಕಕ್ಕೆ ಜರುಗಿದ್ದರೆ ಅಥವಾ ಎಲ್ಲಿಯಾದರೂ ಅಂಚನ್ನು ದಾಟಿ ಹೊರಗೆ ಹೋಗಿದ್ದರೆ, ಸಾಧನ ಇಲ್ಲದ ಶಕ್ತಿಯನ್ನು ಕಾಣುತ್ತಿದೆ ಎಂದಾಯಿತು. ಈ ಕೆಲವು ರೆಸಿಸ್ಟರ್‌ಗಳು ಮತ್ತು ಒಂದು ಕೇಬಲ್ ಸೇರಿ ಹೇಳುವ ಸತ್ಯವನ್ನು ಇನ್ನೊಂದು ಅಗ್ಗದ ವಿಎನ್‌ಎ ಹೇಳಲಾರದು; ಎರಡು ಸಾಧನಗಳು ಒಂದೇ ಸಂಖ್ಯೆ ತೋರಿದರೂ ಎರಡಕ್ಕೂ ಒಂದೇ ಲೋಡ್ ಬಳಸಿದ್ದರೆ ಅದು ಸಾಕ್ಷಿಯಲ್ಲ.

ಆವರ್ತನದ ಪರೀಕ್ಷೆ ಇನ್ನೂ ಸುಲಭ. ಚೀನಾದ ಬಿಪಿಎಂ ಕಾಲಸೂಚಕ ನಿಲಯ 10 ಮೆಗಾಹರ್ಟ್ಜ್‌ನಲ್ಲಿ ನಮ್ಮ ಕಡೆ ಚೆನ್ನಾಗಿ ಕೇಳಿಸುತ್ತದೆ. ಸಾಧನವನ್ನು ಅದೇ ಆವರ್ತನದಲ್ಲಿ ನಿಲ್ಲಿಸಿ ಎಸ್‌ಎಸ್‌ಬಿ (ವಾಹಕ ತರಂಗವನ್ನೇ ಸ್ವರವಾಗಿ ಕೇಳಿಸುವ) ರಿಸೀವರ್‌ನಲ್ಲಿ ಎರಡರ ಸ್ವರಗಳನ್ನು ಹೋಲಿಸಿದರೆ ಎಷ್ಟು ಹರ್ಟ್ಜ್ ತಪ್ಪಿದೆ ಎಂದು ಕಿವಿಯೇ ಹೇಳುತ್ತದೆ.

ಹಳೆಯ ಬಗೆಯ ಆಂಟೆನಾ ಅನಲೈಸರ್‌ಗಳ ಕಥೆ ಸ್ವಲ್ಪ ಬೇರೆ, ಮತ್ತು ನಮ್ಮಲ್ಲಿ ಅವು ಇನ್ನೂ ಬಹಳ ಕೈಗಳಲ್ಲಿವೆ. ಅವುಗಳಲ್ಲಿ ಮಿಕ್ಸರ್ ಇಲ್ಲ. ಬ್ರಿಡ್ಜ್‌ನ ಬೇರೆಬೇರೆ ಬಿಂದುಗಳ ಆರ್‌ಎಫ್ (ರೇಡಿಯೋ ಆವರ್ತನದ) ವೋಲ್ಟೇಜನ್ನು ಡಯೋಡ್‌ಗಳು ಡಿಸಿಯಾಗಿಸಿ ಕೊಡುತ್ತವೆ. ಇವನ್ನು ಕೊಲ್ಲಲು ಟ್ರಾನ್ಸ್‌ಮಿಟರೂ ಬೇಕಿಲ್ಲ. ಏಪ್ರಿಲ್, ಮೇ ತಿಂಗಳ ಮಳೆಗೆ ಮುಂಚಿನ ಗುಡುಗಿನ ಸಂಜೆಗಳಲ್ಲಿ ಉದ್ದನೆಯ ಡೈಪೋಲ್ ತಂತಿ ಗಾಳಿಯಿಂದಲೇ ಸ್ಥಿರವಿದ್ಯುತ್ತನ್ನು ಕೂಡಿಟ್ಟುಕೊಂಡಿರುತ್ತದೆ, ಮತ್ತು ಅದರ ಕೇಬಲನ್ನು ನೇರವಾಗಿ ಅನಲೈಸರ್‌ಗೆ ತಿರುಗಿಸಿದ ಕ್ಷಣ ಆ ಶೇಖರವೆಲ್ಲ ಡಯೋಡಿನ ಮೂಲಕ ಇಳಿಯುತ್ತದೆ. ಕೇಬಲಿನ ನಡುಗಡ್ಡಿಯನ್ನು ಹೊರಕವಚಕ್ಕೆ ಒಮ್ಮೆ ತಾಗಿಸಿ ಆಮೇಲೆ ಜೋಡಿಸುವ ಅಭ್ಯಾಸವಿದ್ದರೆ ಈ ದುರಸ್ತಿಗಳಲ್ಲಿ ಬಹುಪಾಲು ಬೇಕಾಗುವುದೇ ಇಲ್ಲ.

ಡಯೋಡಿನ ದೋಷವೂ ಪೂರ್ತಿ ಸಾವಾಗಿರುವುದು ಅಪರೂಪ. ಮಲ್ಟಿಮೀಟರಿನ ಡಯೋಡ್ ಸ್ಥಾನದಲ್ಲಿ ಮುಮ್ಮುಖವಾಗಿ ಎಲ್ಲವೂ ಒಂದೇ ಬೆಲೆ ತೋರುತ್ತವೆ, ಹಿಮ್ಮುಖವಾಗಿ ಅಳೆದಾಗ ಮಾತ್ರ ಒಂದು ಸೋರುತ್ತಿರುತ್ತದೆ. ಅದರ ಫಲ ವಿಚಿತ್ರ: 50 ಓಮ್ ಲೋಡ್ ಹಾಕಿದಾಗ ಎಸ್‌ಡಬ್ಲ್ಯೂಆರ್ 1 ಎಂದೇ ತೋರುತ್ತದೆ, 100 ಓಮ್ ಹಾಕಿದಾಗ 2ರ ಬದಲು ಬೇರೇನೋ. 50 ಓಮ್ ಒಂದರಿಂದಲೇ ಪರೀಕ್ಷಿಸಿ ಸಾಧನ ಸರಿಯಿದೆ ಎನ್ನುವವರು ಇಲ್ಲಿ ಮೋಸಹೋಗುತ್ತಾರೆ. ಬದಲಿ ಡಯೋಡ್‌ಗಳನ್ನು ಒಂದು ಹಿಡಿಯಷ್ಟು ತೆಗೆದುಕೊಂಡು ಮುಮ್ಮುಖ ವೋಲ್ಟೇಜ್ ಒಂದೇ ಇರುವವನ್ನು ಆರಿಸಿ ಹಾಕಬೇಕು. ಆರಿಸುವಾಗ ಬೆರಳಿನಲ್ಲಿ ಹಿಡಿದರೆ ಮೈಶಾಖಕ್ಕೆ ಬೆಲೆ ಬದಲಾಗುವುದರಿಂದ ಚಿಮಟದಲ್ಲಿಯೇ ಹಿಡಿಯಬೇಕು. ಕಡಿಮೆ ಆವರ್ತನದ ಎಸ್‌ಡಬ್ಲ್ಯೂಆರ್ ಮೀಟರ್‌ಗಳಿಗೆ ಬಿಇಎಲ್ ತಯಾರಿಸುತ್ತಿದ್ದ ಕಾಲದ ಜರ್ಮೇನಿಯಂ ಡಯೋಡ್‌ಗಳು ಹಿರಿಯ ಹ್ಯಾಮ್‌ಗಳ ಡಬ್ಬಿಗಳಲ್ಲಿ ಇನ್ನೂ ಸಿಗುತ್ತವೆ, ಅವು ಒಳ್ಳೆಯ ಕೆಲಸವನ್ನೇ ಮಾಡುತ್ತವೆ. ವಿಎಚ್‌ಎಫ್‌ಗೆ (30 ಮೆಗಾಹರ್ಟ್ಜ್‌ಗಿಂತ ಮೇಲೆ) ಮಾತ್ರ ಶಾಟ್ಕಿ ಡಯೋಡೇ ಮೇಲು.

ಕೆಟ್ಟಿದೆ ಎಂದು ಬಂದ ಸಾಧನಗಳಲ್ಲಿ ಕೆಲವು ಕೆಟ್ಟೇ ಇರುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಮೊದಲನೆಯ ಅನುಮಾನ ಯಾವಾಗಲೂ ಸೆಲ್‌ಗಳ ಮೇಲಿರಲಿ. ಆಲ್ಕಲೈನ್ ಸೆಲ್ ಸೋರಿ ಹಸಿರುಗಟ್ಟಿದ ಸ್ಪ್ರಿಂಗನ್ನು ವಿನೆಗರ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದರೆ ಅರ್ಧ ರೋಗ ಹೋಗುತ್ತದೆ. ಎರಡನೆಯದು ಆಕಾಶವಾಣಿ. ಬೆಂಗಳೂರಿನ 612 ಮತ್ತು ಧಾರವಾಡದ 765 ಕಿಲೋಹರ್ಟ್ಜ್ ನಿಲಯಗಳು 200 ಕಿಲೋವಾಟ್ ಸಾಮರ್ಥ್ಯದವು. ಇಂತಹ ನಿಲಯದ ಸಮೀಪದಲ್ಲಿ 80 ಮೀಟರ್ ಬ್ಯಾಂಡಿನ ಉದ್ದನೆಯ ಆಂಟೆನಾ ಕಟ್ಟಿದವರಿಗೆ ಆ ಸಂಕೇತವೇ ಕೇಬಲಿನಲ್ಲಿ ಇಳಿದುಬಂದು, ಯಾವ ಆವರ್ತನವೆಂದು ಭೇದಮಾಡದ ಡಯೋಡ್ ಅದನ್ನೂ ಪ್ರತಿಫಲನವೆಂದೇ ಎಣಿಸುತ್ತದೆ. ಆಂಟೆನಾ ತೆಗೆದು ರೆಸಿಸ್ಟರ್ ಲೋಡ್‌ಗಳನ್ನು ಹಾಕಿದಾಗ ಎಲ್ಲವೂ ಸರಿಯಾಗಿ ತೋರಿದರೆ ಸಾಧನದ ಮೇಲೆ ಕೈಹಾಕಬಾರದು.

ಶಕ್ತಿ ಅಳೆಯುವ ಮೀಟರ್‌ಗಳಿಗೂ ಇದೇ ಬಗೆಯ ಸರಳ ಆಧಾರವಿದೆ. ಡಮ್ಮಿ ಲೋಡಿನ ತುದಿಗೆ ಒಂದು ಡಯೋಡ್ ಮತ್ತು ಕೆಪಾಸಿಟರ್ ಇಟ್ಟು ಬರುವ ಡಿಸಿ ವೋಲ್ಟೇಜಿಗೆ ಡಯೋಡಿನ ಮುಮ್ಮುಖ ನಷ್ಟವನ್ನು ಕೂಡಿಸಿ, ವರ್ಗ ಮಾಡಿ, 100ರಿಂದ ಭಾಗಿಸಿದರೆ 50 ಓಮ್‌ಗಳಲ್ಲಿನ ವಾಟ್ ಸಿಗುತ್ತದೆ. ಆದರೆ ಡಯೋಡಿನ ಮೇಲೆ ಹಿಮ್ಮುಖವಾಗಿ ಶಿಖರದ ಎರಡರಷ್ಟು ವೋಲ್ಟೇಜ್ ಬೀಳುತ್ತದೆ. 5 ವಾಟ್‌ಗೆ ಅದು ಸುಮಾರು 45 ವೋಲ್ಟ್, 70 ವೋಲ್ಟ್ ತಾಳುವ 1ಎನ್5711 ಸಾಕು. 100 ವಾಟ್‌ಗೆ 200 ವೋಲ್ಟ್ ಆಗುವುದರಿಂದ ವೋಲ್ಟೇಜನ್ನು ಮೊದಲು ಭಾಗಿಸಿಕೊಂಡೇ ಮುಂದುವರಿಯಬೇಕು. ಡಮ್ಮಿ ಲೋಡನ್ನೂ ಅಳೆದು ನೋಡಿರಬೇಕು: 200 ಓಮಿನ ನಾಲ್ಕು ರೆಸಿಸ್ಟರ್‌ಗಳಿಂದ ಮಾಡಿದ ಲೋಡಿನಲ್ಲಿ ಒಂದು ಕಡಿದರೆ ಉಳಿಯುವುದು 66.7 ಓಮ್, ಆಗ ಮೇಲಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಗೆಳೆಯರ ನ್ಯಾನೋವಿಎನ್‌ಎಯ ವಿಷಯಕ್ಕೆ ಬಂದರೆ, ಬ್ರಿಡ್ಜ್ ಬದಲಿಸಿದ ಮೇಲೆ ಕಚ್ಚಾ ಅಳತೆಯಲ್ಲಿಯೇ 50 ಓಮ್ ಲೋಡಿನ ರಿಟರ್ನ್ ಲಾಸ್ 30 ಡಿಬಿ ದಾಟಿತು, 100 ಮತ್ತು 25 ಓಮ್‌ಗಳು ಎಚ್‌ಎಫ್‌ನಿಂದ (3ರಿಂದ 30 ಮೆಗಾಹರ್ಟ್ಜ್) 2 ಮೀಟರ್ ಬ್ಯಾಂಡಿನ ತನಕ ಇರಬೇಕಾದಲ್ಲಿಯೇ ಬಂದವು, ಕೇಬಲಿನ ಸುರುಳಿಯೂ ದುಂಡಾಗಿ ಕೂತಿತು. 300 ಮೆಗಾಹರ್ಟ್ಜ್ ದಾಟಿದ ಮೇಲೆ ಮಾತ್ರ ಗೆರೆ ಇನ್ನೂ ಒರಟಾಗಿದೆ. ಅಲ್ಲಿಂದ ಮೇಲೆ ಈ ಸಾಧನ ಎಸ್ಐ5351ರ ಮೂರನೆಯ ಹಾರ್ಮೋನಿಕ್ಕನ್ನು ಬಳಸುತ್ತದೆ, ಚೌಕ ತರಂಗದಲ್ಲಿ ಅದು ಮೂಲಕ್ಕಿಂತ ಸುಮಾರು 9.5 ಡಿಬಿ ಕೆಳಗಿರುತ್ತದೆ, ಆದ್ದರಿಂದ ಕೆಳಗಿನ ಆವರ್ತನಗಳಲ್ಲಿ ಮರೆಯಾಗಿರುವ ಯಾವ ಕೊರತೆಯೂ ಅಲ್ಲಿ ಎದ್ದು ಕಾಣುತ್ತದೆ. ಎಸ್21 ಮಟ್ಟ ಮೊದಲಿನಿಂದಲೂ ತುಸು ಕಡಿಮೆಯಿದ್ದುದನ್ನು ನೋಡಿದರೆ ಮೂಲದ ಚಿಪ್‌ನ ಹೊರಹರಿವಿಗೂ ಸ್ವಲ್ಪ ಪೆಟ್ಟಾಗಿರಬೇಕೆಂದು ನನ್ನ ಊಹೆ. ಅದನ್ನೂ ಬದಲಿಸಬಹುದಾಗಿತ್ತು, ಆದರೆ ಅವರು ಕೆಲಸ ಮಾಡುವುದು ಎಚ್‌ಎಫ್‌ನಲ್ಲಿ ಮತ್ತು 2 ಮೀಟರ್ ಬ್ಯಾಂಡಿನ 144ರಿಂದ 146 ಮೆಗಾಹರ್ಟ್ಜ್ ನಡುವೆ, ಅದಕ್ಕಾಗಿ ಮತ್ತೊಮ್ಮೆ ಹಲಗೆಯನ್ನು ಕಾಯಿಸುವುದು ಲಾಭಕ್ಕಿಂತ ಅಪಾಯವೇ ಹೆಚ್ಚಿನ ಕೆಲಸವೆನಿಸಿತು. ಹಿಂಬದಿಯಲ್ಲಿ ಒಂದು ಚೀಟಿ ಅಂಟಿಸಿ, ಬದಲಿಸಿದ ಭಾಗಗಳ ಹೆಸರು, ದಿನಾಂಕ, ಮತ್ತು 300 ಮೆಗಾಹರ್ಟ್ಜ್‌ಗಿಂತ ಮೇಲಿನ ಅಳತೆಯನ್ನು ನಂಬಬಾರದೆಂಬ ಸೂಚನೆ ಬರೆದು ಕಳುಹಿಸಿದ್ದೇನೆ. ಜೊತೆಗೆ 100 ಓಮ್ ಮತ್ತು 25 ಓಮ್ ಬೆಸೆದ ಎರಡು ಕನೆಕ್ಟರ್‌ಗಳನ್ನೂ, ಡಮ್ಮಿ ಲೋಡಿನ ಕೇಬಲಿಗೆ ಸುತ್ತಲು ಒಂದು ಸುರುಳಿ ಕೆಂಪು ಟೇಪನ್ನೂ ಇಟ್ಟಿದ್ದೇನೆ.